ಎದೆಯ ಮೇಲಿನ ಊರು

ಪವಿತ್ರಾ ಟ್ರಂಕಿನ ತಳದವರೆಗೆ ಕೈ ಹಾಕಿ ಇದ್ದದ್ದನ್ನೆಲ್ಲ ನೆಲಕ್ಕೆ ಸುರಿದಳು. ನಾಲ್ಕು ವಾಯಿಲ್ ಸೀರೆ, ತೋಳು ಸವೆದ ಸ್ವೆಟರು, ಅವಧಿ ಮುಗಿದು ಎಷ್ಟೋ ಕಾಲವಾದ ಪಾಸ್‌ಪೋರ್ಟು, ದೀಪಶ್ರೀ ಮಗುವಾಗಿದ್ದಾಗ ಹಾಕುತ್ತಿದ್ದ ಕುಲಾವಿ. ಕಪ್ಪು ಬಟ್ಟೆಯ ಸುಳಿವೇ ಇಲ್ಲ. ಮಂಚದ ಕೆಳಗೆ ನೋಡಿಯಾಗಿತ್ತು. ಹೊಲಿಗೆ ಮೆಷಿನ್ನಿನ ಹಿಂದಿದ್ದ ಗೋಣಿಚೀಲ ಬಿಚ್ಚಿಯಾಗಿತ್ತು. ಅವಳು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ಅಟ್ಟಕ್ಕೆ ಏಣಿ ಹಾಕಿದಳು.

"ಅಮ್ಮಾ, ಮಂಜಜ್ಜ ಕರೀತಿದಾರೆ. ನೀರು ಕಾದಿದೆಯಂತೆ," ಎಂದು ಮಗಳು ದೀಪಶ್ರೀ ಬಾಗಿಲಲ್ಲಿ ನಿಂತು ಹೇಳಿದಳು. ಅತ್ತೂ ಅತ್ತೂ ಅವಳ ಮೂಗು ಕೆಂಪಾಗಿತ್ತು.

"ಬಂದೆ ಅನ್ನು."

"ಆಗ್ಲೇ ಎರಡು ಸಲ ಹಾಗೇ ಹೇಳಿದೀನಿ."

ನಿನ್ನೆ ಸಂಜೆ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಪವಿತ್ರಾಳ ತಾಯಿ ರುದ್ರಾಣಿ ತೀರಿಕೊಂಡಿದ್ದಳು. ಅರವತ್ತೆರಡು ವರ್ಷ. ಈಗ ಜಾವಳಿಯ ಈ ಎರಡಂಕಣದ ಮನೆಯ ಜಗಲಿಯಲ್ಲಿ, ಬಾಳೆಎಲೆ ಹಾಸಿದ ಚಾಪೆಯ ಮೇಲೆ ಮಲಗಿದ್ದಳು. ಅಂಗಳದಲ್ಲಿ ಜನ ತುಂಬಿದ್ದರು. ತೋಟದಲ್ಲಿ ಕಾಫಿ ಹಣ್ಣಿನ ಕೊಯ್ಲು ಜೋರಾಗಿ ನಡೆಯುತ್ತಿದ್ದ ದಿನಗಳು. ಆದರೂ ಕೂಲಿಯವರ ಲೈನ್ ಮನೆಗಳವರಿಗೆಲ್ಲ ಬ್ಲೌಸು ಹೊಲಿದುಕೊಟ್ಟವಳೆಂದು ಮೇಸ್ತ್ರಿ ಮಧ್ಯಾಹ್ನದವರೆಗೆ ರಜೆ ಕೊಟ್ಟಿದ್ದ. ಒಂದು ಗಂಟೆಯ ಸೈರನ್ನಿಗೆ ಮೊದಲೇ ಎಲ್ಲ ಮುಗಿಯಬೇಕಿತ್ತು.

ಪವಿತ್ರಾ ಅಟ್ಟದಲ್ಲಿ ತಡಕಾಡುತ್ತಿದ್ದಾಗ ಕೆಳಗಿನಿಂದ ಮಂಜಯ್ಯನ ದನಿ ಕೇಳಿತು. ರುದ್ರಾಣಿಯ ಅಣ್ಣ. ಎಪ್ಪತ್ತು ದಾಟಿದ ಮನುಷ್ಯ, ಬೆಳಗಿನ ಮೊದಲ ಬಸ್ಸಿಗೆ ಕಳಸದಿಂದ ಬಂದಿದ್ದ.

"ಎಂತ ಹುಡುಕ್ತಿದೀಯೇ? ಹೆಣ ಹೊರಗಿಟ್ಕೊಂಡು ಅಟ್ಟ ಜಾಲಾಡೋ ಹೊತ್ತೇನೆ ಇದು?"

"ಅವ್ವನ ನಿಲುವಂಗಿ ಮಾವ. ಕುವೈತಿಂದ ಹಾಕ್ಕೊಂಡು ಬಂದಿದ್ಳಲ್ಲ, ಆ ಕಪ್ಪುದು."

"ಅದೆಂತಕ್ಕೆ ಈಗ?"

"ಅವ್ವಂಗೆ ಹಾಕಕ್ಕೆ. ಅದ್ರಲ್ಲೇ ಕಳಿಸ್ಬೇಕು ಅವಳ್ನ."

ಮಂಜಯ್ಯನ ಕೈಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಕವರೊಂದಿತ್ತು. ಬಸ್ಸಿಗೆ ಹೊತ್ತಾಗುತ್ತದೆಂದು ಅಂಗಡಿಯವನನ್ನು ಮನೆಗೇ ಹೋಗಿ ಎಬ್ಬಿಸಿ ತಂದ ಸೀರೆ. ಅವನು ಅದನ್ನು ಮೇಲಕ್ಕೆತ್ತಿ ತೋರಿಸಿದ.

"ತವರಿನ ಸೀರೆ ಉಟ್ಕೊಂಡೇ ಹೆಣ್ಣು ಚಟ್ಟ ಹತ್ತೋದು. ನಮ್ಮವ್ವ ಹೋಗಿದ್ದು ಹಂಗೆ, ಅವಳವ್ವ ಹೋಗಿದ್ದು ಹಂಗೆ. ಯಾವುದೋ ದೇಶದ ಅಂಗಿ ಹಾಕಿ ಕಳಿಸಿದ್ರೆ ಅಲ್ಲಿ ಹಿರೀಕರು ಇವಳ್ನ ಯಾರು ಅಂತ ಗುರುತು ಹಿಡೀತಾರೆ, ಹೇಳು?"

"ಅವಳ ಮನಸ್ಸೆಲ್ಲ ಅಲ್ಲೇ ಇತ್ತಲ್ಲ ಮಾವ. ಆಸ್ಪತ್ರೇಲಿ ಹತ್ತು ದಿನ ಯಾರನ್ನ ಕರೆದ್ಳು ಗೊತ್ತಾ? ನನ್ನ ಕರೀಲಿಲ್ಲ, ನಿಮ್ಮ ಕರೀಲಿಲ್ಲ. ಸಿತ್ತಿ, ಸಿತ್ತಿ ಅಂತ ಅಲ್ಲಿ ಕೆಲಸಕ್ಕಿದ್ದ ಮನೇ ಮುದುಕೀನ ಕರೆದ್ಳು. ನಂಗೆ ಅರ್ಥ ಆಗದ ಭಾಷೇಲಿ ಮಾತಾಡಿದ್ಳು. ಹಾಸಿಗೆ ಮೇಲಿನ ಚಾದರಕ್ಕೆ ಬರಿಗೈಲಿ ಹೊಲಿಗೆ ಹಾಕಿದ್ಳು." ಪವಿತ್ರಾಳ ದನಿ ಏರಿತು. ಅಂಗಳದವರು ತಿರುಗಿ ನೋಡಿದರು. "ಹೋಗ್ಲಿ ಅವಳು. ಅದನ್ನೇ ಹಾಕ್ಕೊಂಡು ಹೋಗ್ಲಿ. ಇಲ್ಲಿ ಅದನ್ನ ಇಟ್ಕೊಂಡು ನಂಗೇನಾಗ್ಬೇಕು?"

ಇದು ಪ್ರೀತಿಯೋ ಸಿಟ್ಟೋ ಅವಳಿಗೇ ತಿಳಿಯಲಿಲ್ಲ. ರಾತ್ರಿಯೆಲ್ಲ ಹೆಣದ ಪಕ್ಕದಲ್ಲಿ ಕೂತಿದ್ದಾಗ ಈ ಯೋಚನೆ ಬಂದು ಬೆಳಗಿನವರೆಗೂ ಕೊರೆದಿತ್ತು. ಒಂದು ಸಲ ಅನ್ನಿಸುತ್ತಿತ್ತು, ಅವ್ವನಿಗೆ ಇಷ್ಟವಾದದ್ದನ್ನು ಕೊನೆಗಾದರೂ ಮಾಡೋಣ ಎಂದು. ಮರುಗಳಿಗೆಗೇ ಅನ್ನಿಸುತ್ತಿತ್ತು, ಆ ದರಿದ್ರ ಬಟ್ಟೆ ಅವಳ ಜೊತೆಗೇ ಸುಟ್ಟು ಬೂದಿಯಾಗಲಿ ಎಂದು.

*

ಪವಿತ್ರಾ ಮೂರು ವರ್ಷದವಳಿದ್ದಾಗ ರುದ್ರಾಣಿ ಕುವೈತಿಗೆ ಹೋದದ್ದು. ಅದರ ಹಿಂದಿನ ವರ್ಷ ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯುವಾಗ ಗಂಡ ಲಕ್ಕಯ್ಯ ಸಿಲ್ವರ್ ಮರದ ತುದಿಯಿಂದ ಬಿದ್ದು ಸತ್ತಿದ್ದ. ಮಂಗಳೂರಿನ ಏಜೆಂಟನೊಬ್ಬ ಮನೆಗೆಲಸಕ್ಕೆ ಹೆಂಗಸರನ್ನು ಒಯ್ಯುತ್ತಾನೆಂದು ಗೊತ್ತಾಯಿತು. ಇಪ್ಪತ್ತೆರಡು ವರ್ಷದ ವಿಧವೆ ಮಗುವನ್ನು ತಾಯಿಯ ಬಳಿ ಬಿಟ್ಟು ಹೊರಟಳು. ಮೂಡಿಗೆರೆಯಲ್ಲಿ ಅವಳನ್ನು ಬಸ್ ಹತ್ತಿಸಿದವನು ಮಂಜಯ್ಯ.

ಅವ್ವ ಎಂದರೆ ಪವಿತ್ರಾಳಿಗೆ ನೀಲಿ ಅಂಚಿನ ಒಂದು ಲಕೋಟೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅದನ್ನು ಓದಿ ಹೇಳುತ್ತಿದ್ದರು. ತೊಂಬತ್ತರ ಆಗಸ್ಟಿನಲ್ಲಿ ಆ ಲಕೋಟೆಗಳು ನಿಂತವು. ಕುವೈತಿನೊಳಕ್ಕೆ ಇರಾಕಿನ ಸೈನ್ಯ ನುಗ್ಗಿದೆ ಎಂದು ರೇಡಿಯೋ ಹೇಳಿತು. ಎರಡು ತಿಂಗಳು ಸುದ್ದಿಯಿಲ್ಲ. ಊರಿನ ಒಂದಿಬ್ಬರು ಅಜ್ಜಿಗೆ, ಆದದ್ದಾಯಿತು, ತಿಥಿ ಮಾಡಿಬಿಡು ಎಂದರು.

ಅಕ್ಟೋಬರಿನ ಒಂದು ಮಧ್ಯಾಹ್ನ ಗದ್ದೆಯ ಬದುವಿನ ಮೇಲೆ ಒಬ್ಬ ಹೆಂಗಸು ನಡೆದು ಬಂದಳು. ಕುತ್ತಿಗೆಯಿಂದ ಪಾದದವರೆಗೆ ಕಪ್ಪು ಅಂಗಿ, ಎದೆಯ ತುಂಬ ರಕ್ತದಂಥ ಕೆಂಪು. ಕೈಯಲ್ಲಿ ಒಂದು ಚೀಲ ಕೂಡ ಇಲ್ಲ. ಎಂಟು ವರ್ಷದ ಪವಿತ್ರಾ ಹೆದರಿ ಜಗಲಿಯ ಕಂಬವನ್ನು ತಬ್ಬಿಕೊಂಡಳು.

ಅಜ್ಜಿ ಅತ್ತಳು, ನಕ್ಕಳು, ಮಗಳನ್ನು ಬಚ್ಚಲಿಗೆ ನೂಕಿ ತಲೆಗೆ ನೀರು ಹೊಯ್ದಳು. ಸೀರೆ ಉಟ್ಟು ಹೊರಬಂದಾಗ ಆ ಹೆಂಗಸು ಸ್ವಲ್ಪ ಮನುಷ್ಯಳ ಹಾಗೆ ಕಂಡಳು. ಅವಳು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈ ಚಾಚಿದಳು.

"ಬಾರೆ ಕೂಸೆ. ನಾನು ಅವ್ವ ಕಣೆ."

ಪವಿತ್ರಾ ಕಂಬ ಬಿಟ್ಟಳು. ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಅಜ್ಜಿ ಬಚ್ಚಲಿನಿಂದ ಆ ಕಪ್ಪು ಅಂಗಿಯನ್ನು ಕೋಲಿನ ತುದಿಯಲ್ಲಿ ಎತ್ತಿ ತಂದು, ಹೇನು ಹತ್ತಿದೆಯೋ ಏನೋ ಎಂದು ಗೊಣಗುತ್ತ, ಅಂಗಳದ ಒಲೆಯ ಮೇಲೆ ಕುದಿಯುತ್ತಿದ್ದ ಹಂಡೆಯಲ್ಲಿ ಮುಳುಗಿಸಿದಳು. ರುದ್ರಾಣಿ ಚೀರಿದಳು. ಎದ್ದು ಓಡಿದಳು. ಕೋಲನ್ನೂ ಹುಡುಕದೆ, ಯಾರನ್ನೂ ನೋಡದೆ, ಎರಡೂ ಕೈಯನ್ನು ಮಣಿಕಟ್ಟಿನ ಮೇಲಿನವರೆಗೆ ಕುದಿಯುವ ನೀರಿಗೆ ಹಾಕಿ ಅಂಗಿಯನ್ನು ಎಳೆದು ತೆಗೆದಳು. ಚರ್ಮ ಸುಲಿದ ಕೈಗಳಲ್ಲೇ ಅದನ್ನು ಎದೆಗೆ ಒತ್ತಿಕೊಂಡು ತಣ್ಣೀರಿನ ತೊಟ್ಟಿಯ ಕಡೆ ಓಡಿದಳು.

ಪವಿತ್ರಾ ತಾನಿಟ್ಟ ಎರಡು ಹೆಜ್ಜೆಯನ್ನು ಹಿಂದಕ್ಕಿಟ್ಟಳು.

ಮುಂದೆ ತಾಯಿ ಮಗಳು ಒಂದೇ ಮನೆಯಲ್ಲಿ ಉಂಡರು, ಮಲಗಿದರು, ಬಾಳಿದರು. ಜಗಳವೇನೂ ಇರಲಿಲ್ಲ. ಆದರೆ ಪವಿತ್ರಾ ಸೂಜಿ ಹಿಡಿಯಲಿಲ್ಲ. ಅವ್ವ ಕಲಿಸುತ್ತೇನೆಂದು ಕರೆದಾಗಲೆಲ್ಲ ಹೊರಗೇನೋ ಕೆಲಸ ನೆನಪಾಗುತ್ತಿತ್ತು. ಅಂಗನವಾಡಿ ಟೀಚರಾದಳು. ಕಳಸದ ಜೀಪ್ ಡ್ರೈವರ್ ಯೋಗೇಶನೊಂದಿಗೆ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ಅರಿಶಿನ ಹಚ್ಚಿ ಮುಗಿದ ಮೇಲೆ ರುದ್ರಾಣಿ ಆ ಅಂಗಿಯನ್ನು ತಂದು ಮಗಳ ಮಡಿಲಲ್ಲಿಟ್ಟಳು.

"ಇದು ನಿಂದು. ಒಂದ್ಸಲ ಹಾಕ್ಕೊಂಡು ನೋಡು."

"ಆ ಮುದುಕಿ ಹಾಕಿ ಬಿಟ್ಟಿದ್ದು ನಂಗ್ಯಾಕೆ? ನೀನೇ ಇಟ್ಕೊ," ಎಂದಿದ್ದಳು ಪವಿತ್ರಾ. ಅರಿಶಿನ ಹತ್ತೀತೆಂಬಂತೆ ಬೆರಳ ತುದಿಯಲ್ಲಿ ಅದನ್ನು ಪಕ್ಕಕ್ಕೆ ಸರಿಸಿದ್ದಳು.

ರುದ್ರಾಣಿ ಅಂಗಿಯನ್ನು ಮಡಚಿಕೊಂಡು ಎದ್ದುಹೋದಳು. ಆಮೇಲೆ ಅದು ಯಾರ ಕಣ್ಣಿಗೂ ಬೀಳಲಿಲ್ಲ.

*

ಅಟ್ಟದಲ್ಲೂ ಸಿಗಲಿಲ್ಲ. ಪವಿತ್ರಾ ಮೈಯೆಲ್ಲ ಧೂಳು ಮಾಡಿಕೊಂಡು ಇಳಿದು ಬಂದಾಗ ಹೆಂಗಸರು ರುದ್ರಾಣಿಯನ್ನು ಹಿಂದಿನ ಅಂಗಳದಲ್ಲಿ ಹಲಗೆಯ ಮೇಲೆ ಮಲಗಿಸಿ, ನಾಲ್ಕು ಮೂಲೆಗೆ ಸೀರೆ ಅಡ್ಡ ಹಿಡಿದು ಸ್ನಾನ ಶುರುಮಾಡಿದ್ದರು. ನೀರು ಹೊಯ್ಯುತ್ತಿದ್ದವಳು ಜವರಮ್ಮ. ಮೂರು ಮನೆಯಾಚೆಯವಳು, ರುದ್ರಾಣಿಯ ಜೊತೆ ಎಳವೆಯಿಂದಲೂ ಹಣ್ಣು ಕೊಯ್ದವಳು. ಅವಳು ಅಳುತ್ತಿರಲಿಲ್ಲ. ಗೆಳತಿಯ ಕೈಗಳನ್ನು ಒಂದೊಂದೇ ಬೆರಳು ಬಿಡಿಸಿ ತೊಳೆಯುತ್ತಿದ್ದಳು. ಮಣಿಕಟ್ಟಿನಿಂದ ಕೆಳಕ್ಕೆ ಆ ಕೈಗಳ ಚರ್ಮ ಅಡಿಕೆ ಹಾಳೆಯ ಒಳಮೈಯಂತೆ ನುಣುಪಾಗಿ ಹೊಳೆಯುತ್ತಿತ್ತು.

"ಜವರತ್ತೆ, ಅವ್ವನ ಆ ಕಪ್ಪು ಅಂಗಿ ಎಲ್ಲಿದೆ ಗೊತ್ತಾ?"

ಜವರಮ್ಮ ತಲೆಯೆತ್ತಿದಳು. "ಎಂತಕ್ಕೆ?"

"ಅವಳಿಗೆ ಹಾಕಿ ಕಳಿಸಕ್ಕೆ."

"ಸುಡಕ್ಕೆ ಅನ್ನು."

ಪವಿತ್ರಾ ಕೈಗೆ ಹತ್ತಿದ ಅಟ್ಟದ ಧೂಳು ಕೊಡವಿದಳು.

ಜವರಮ್ಮ ಚೊಂಬನ್ನು ಪಕ್ಕದವಳ ಕೈಗೆ ಕೊಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಮೊಳಕಾಲು ಹಿಡಿದು ಎದ್ದಳು. "ನನ್ನ ಮನೇಲಿದೆ. ಈ ವರ್ಷ ಗದ್ದೆ ನೆಟ್ಟಿ ಮುಗಿದ ಮೇಲೆ ಒಂದಿನ ತಂದಿಟ್ಳು ನಿಮ್ಮವ್ವ. 'ನಾನು ಹೋದ ದಿನ ಪವಿ ತಾನಾಗಿ ಕೇಳಿದ್ರೆ ಕೊಡು. ಕೇಳದಿದ್ರೆ ನನ್ನ ಕಾಲ ಹತ್ರ ಇಟ್ಟು ಸುಟ್ಬಿಡಿ. ನೀನಾಗಿ ಮಾತ್ರ ಬಾಯಿ ಬಿಡ್ಬೇಡ ಮಾರಾಯ್ತಿ' ಅಂತ ಆಣೆ ಹಾಕಿಸ್ಕೊಂಡ್ಳು. ಬೆಳಗಿಂದ ನೀನು ಮನೆಯೆಲ್ಲ ಕೆದಕೋದು ನೋಡ್ತಾ ಕೂತಿದೀನಿ. ಬಾಯಿ ಕಟ್ಕೊಂಡು ಕೂರೋದು ಎಷ್ಟು ಕಷ್ಟ ಗೊತ್ತಾ?"

"ನಾನು ಬೇಕು ಅಂತ ಕೇಳಿದ್ದಲ್ಲ ಅತ್ತೆ."

"ಎಂತಕ್ಕಾದ್ರೂ ಆಗ್ಲಿ. ಕೇಳಿದ್ಯಲ್ಲ. ಬಾ."

"ಎಲ್ಲಿಗೆ ಹೊರಟ್ರಿ? ಚಟ್ಟ ಕಟ್ಟಿಯಾಯ್ತು!" ಎಂದು ಮಂಜಯ್ಯ ಮುಂದಿನ ಅಂಗಳದಿಂದ ಕೂಗಿದ. ಇಬ್ಬರೂ ತಿರುಗಿ ನೋಡಲಿಲ್ಲ.

ಜವರಮ್ಮನ ಮನೆಯಲ್ಲಿ ಅಂಗಿ ಅಕ್ಕಿಯ ಡ್ರಮ್ಮಿನ ಹಿಂದೆ ಇತ್ತು. ಹಳೆಯ ಪಂಚೆಯಲ್ಲಿ ಸುತ್ತಿ, ಹುಳ ಹಿಡಿಯದಂತೆ ನಡುವೆ ಕಾಳುಮೆಣಸು ಉದುರಿಸಿದ್ದಳು. ಅವಳು ಅದನ್ನು ಹೊರಗೆ ತಂದು, ಕಾಫಿ ಒಣಗಿಸುವ ಚಾಪೆಯೊಂದನ್ನು ಕೊಡವಿ ಅದರ ಮೇಲೆ ಬಿಸಿಲಿಗೆ ಹರಡಿದಳು. ಮೆಣಸಿನ ಕಾಳುಗಳು ಉರುಳಿ ಅಂಗಳಕ್ಕೆ ಬಿದ್ದವು.

ಪವಿತ್ರಾ ಇಪ್ಪತ್ತೆರಡು ವರ್ಷದಿಂದ ಅದನ್ನು ನೋಡಿರಲಿಲ್ಲ. ನೋಡಿದಾಗಲೂ ಸರಿಯಾಗಿ ನೋಡಿರಲಿಲ್ಲ. ಭುಜದ ಮೇಲೆ ಕಪ್ಪು ಮಾಸಿ ಕಂದಾಗಿತ್ತು. ಕೆಳಅಂಚಿನಲ್ಲಿ ಕೆಂಪು ಬಣ್ಣ ಬಿಟ್ಟು ಹರಡಿದ ಕಲೆಯಿತ್ತು. ಎದೆಯ ಭಾಗವೆಲ್ಲ ಗುಣಾಕಾರದ ಗುರುತಿನಂಥ ಪುಟ್ಟ ಪುಟ್ಟ ಹೊಲಿಗೆ, ಸಾವಿರ, ಹತ್ತು ಸಾವಿರ, ಬೆರಳಿಡಲು ಖಾಲಿ ಜಾಗವಿಲ್ಲದಷ್ಟು.

"ಇದು ಯಾವ ಮರ ಹೇಳು," ಎಂದು ಜವರಮ್ಮ ಬೆರಳಿಟ್ಟಳು.

"ನಂಗೇನು ಗೊತ್ತು? ಅವರ ದೇಶದ್ದೇನೋ."

"ಕಣ್ಣು ಬಿಟ್ಟು ನೋಡೆ. ನೆಟ್ಟಗೆ, ತೆಳ್ಳಗೆ, ಮೈತುಂಬ ಬಳ್ಳಿ."

ಪವಿತ್ರಾ ಬಗ್ಗಿದಳು. ಮರಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೈಮೇಲೂ ಒಂದು ಬಳ್ಳಿ ಸುತ್ತಿ ಹತ್ತಿತ್ತು. ಬಳ್ಳಿಯಲ್ಲಿ ಕಾಳುಗಳ ಗೆರೆ ಜೋತಿತ್ತು. ಸಿಲ್ವರ್ ಮರ, ಅದಕ್ಕೆ ಹಬ್ಬಿಸಿದ ಮೆಣಸು. ಅದರ ಕೆಳಗೆ ಗೆಣ್ಣು ಗೆಣ್ಣಿಗೂ ಗೊಂಚಲಾಗಿ ಕಾಫಿ ಹಣ್ಣು. ಅದರ ಕೆಳಗೆ ಒಂದಕ್ಕೊಂದು ಅಂಟಿಕೊಂಡ ಆರು ಬಾಗಿಲು. ಅವರು ಹಿಂದೆ ಇದ್ದ ಲೈನು. ಕುತ್ತಿಗೆಯ ಹತ್ತಿರ ಮೂರು ಏರಿಳಿತದ ಗೆರೆ, ನಡುವಿನದರ ನೆತ್ತಿಯ ಮೇಲೆ ಒಂದು ಚಿಕ್ಕ ಚೌಕ. ಜಾವಳಿಯಲ್ಲಿ ನಿಂತು ನೋಡಿದರೆ ದೇವರಮನೆಯ ಗುಡ್ಡವೂ ಗುಡಿಯೂ ಕಾಣುವುದು ಹಾಗೆಯೇ.

"ಬುಟ್ಟಿ ಹೊತ್ತ ಈ ಹೆಂಗಸು ನಾನಂತೆ," ಎಂದಳು ಜವರಮ್ಮ. "ಇಷ್ಟು ದಪ್ಪ ಯಾಕೆ ಮಾಡಿದೀಯ ಅಂತ ಬೈದಿದ್ದೆ ಅವಳ್ನ."

"ಇದು ಆ ಮುದುಕೀದಲ್ವಾ ಅತ್ತೆ?"

"ಯಾವ ಮುದುಕೀದು? ನಿಂದು ಕಣೆ ಇದು. ನಿನ್ನ ಮದ್ವೆಗೆ ಅಂತ ಅಲ್ಲಿ ಕೂತು ಐದು ವರ್ಷ ಹೊಲ್ದಿದ್ದು."

*

ರುದ್ರಾಣಿ ಜವರಮ್ಮನಿಗೆ ಹೇಳಿದ್ದು, ಹಣ್ಣು ಕೊಯ್ಯುತ್ತ, ಅಷ್ಟಷ್ಟಾಗಿ, ಎಷ್ಟೋ ವರ್ಷಗಳಲ್ಲಿ; ಅದನ್ನೇ ಜವರಮ್ಮ ಈಗ ಪವಿತ್ರಾಳ ಮುಂದಿಟ್ಟಳು.

ಕುವೈತಿನ ಹವಲ್ಲಿ ಎಂಬ ಪೇಟೆಯಲ್ಲಿ ಐದನೇ ಮಹಡಿಯ ಮನೆ. ಮನೆಯವರು ಪ್ಯಾಲೆಸ್ತೀನಿನವರು, ಯಜಮಾನ ಶಾಲೆಯ ಮೇಷ್ಟ್ರು. ರುದ್ರಾಣಿಯ ಕೆಲಸ ಅವನ ತಾಯಿಯನ್ನು ನೋಡಿಕೊಳ್ಳುವುದು. ಮಕ್ಕಳೆಲ್ಲ ಅವಳನ್ನು ಸಿತ್ತಿ, ಅಂದರೆ ಅಜ್ಜಿ, ಎನ್ನುತ್ತಿದ್ದರು; ರುದ್ರಾಣಿಯೂ ಹಾಗೇ ಕರೆದಳು. ಯಾಫಾ ಪಟ್ಟಣದ ಹತ್ತಿರದ ಹಳ್ಳಿಯವಳು ಆಕೆ. ನಲವತ್ತೆಂಟರ ಯುದ್ಧದಲ್ಲಿ ಊರಿಗೂರೇ ಖಾಲಿಯಾಗಿ, ಕಿತ್ತಳೆ ತೋಟ ಬಿಟ್ಟು ಬಂದವಳಿಗೆ ಮತ್ತೆ ಹೋಗಲಾಗಿರಲಿಲ್ಲ.

ಸಿತ್ತಿ ಯಾವಾಗಲೂ ಉದ್ದನೆಯ ಕಸೂತಿ ಅಂಗಿಯನ್ನೇ ಹಾಕುತ್ತಿದ್ದಳು. ಸಂತೆಗೆ ಹೋದಾಗ ಎದುರಿಗೆ ಬಂದ ಹೆಂಗಸರ ಎದೆಯ ಹೊಲಿಗೆ ನೋಡಿ, ಇವಳು ಹೆಬ್ರೋನಿನ ಕಡೆಯವಳು, ಅವಳು ರಾಮಲ್ಲಾದವಳು ಎಂದು ಹೇಳಿಬಿಡುತ್ತಿದ್ದಳು. ಅವಳ ಎದೆಯ ಮೇಲೆ ಕಿತ್ತಳೆ ಹೂವೂ ಸಾಲು ಮರಗಳೂ ಇದ್ದವು. ಊರಿಲ್ಲ, ಆದರೆ ಅದು ಎಲ್ಲಿತ್ತೆಂದು ಇದನ್ನು ನೋಡಿದವರಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದಳು.

ನಿನಗೆ ಮಗಳಿದ್ದಾಳಲ್ಲ, ಎಂದಳು ಸಿತ್ತಿ ಒಂದು ದಿನ. ನಮ್ಮಲ್ಲಿ ಮಗಳು ಚಿಕ್ಕವಳಿರುವಾಗಲೇ ಅವಳ ಮದುವೆಯ ಅಂಗಿಗೆ ಸೂಜಿ ಹಾಕುತ್ತೇವೆ. ಶುರುಮಾಡು. ಕಪ್ಪು ಬಟ್ಟೆಯನ್ನೂ ಕೆಂಪು ದಾರವನ್ನೂ ತಾನೇ ತರಿಸಿ ಕೊಟ್ಟಳು.

ರುದ್ರಾಣಿ ಸಿತ್ತಿಯ ಅಂಗಿಯನ್ನು ನೋಡಿ ನೋಡಿ ಒಂದು ತಿಂಗಳು ಕಿತ್ತಳೆ ಹೂವು ಹಾಕಿದಳು. ಸಿತ್ತಿ ಅದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, ಚೆನ್ನಾಗಿದೆ ಎಂದು ತಲೆಯಾಡಿಸಿ, ಕತ್ತರಿ ತೆಗೆದುಕೊಂಡು ಅಷ್ಟನ್ನೂ ಬಿಚ್ಚಿಹಾಕಿದಳು. ರುದ್ರಾಣಿಗೆ ಅಳು ಬಂತು. ಸಿತ್ತಿ ಹೇಳಿದಳು: ಇದು ನನ್ನ ಊರು. ನಿನ್ನ ಮಗಳು ಇದನ್ನು ಹಾಕಿಕೊಂಡು ಹೋದರೆ ನಮ್ಮವರು ಯಾರಾದರೂ ಅವಳನ್ನು ತಡೆದು, ನೀನು ಯಾರ ಮನೆಯ ಹುಡುಗಿ ಎಂದು ಕೇಳುತ್ತಾರೆ. ಆ ಮಗು ಏನು ಹೇಳಬೇಕು? ನಿನ್ನ ಊರಲ್ಲಿ ಏನಿದೆಯೋ ಅದನ್ನು ಹಾಕು.

ನಮ್ಮೂರಲ್ಲಿ ಏನೂ ಇಲ್ಲ, ತೋಟ ಸಾಹುಕಾರರದ್ದು, ಎಂದಳು ರುದ್ರಾಣಿ.

ತೋಟ ಯಾರದ್ದೆಂದು ನಾನು ಕೇಳಲಿಲ್ಲ, ಎಂದಳು ಸಿತ್ತಿ.

ಮೊಮ್ಮಗನ ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯಲ್ಲಿ ರುದ್ರಾಣಿ ಪೆನ್ಸಿಲಿನಿಂದ ಬರೆದು ತೋರಿಸಿದಳು. ಸಿತ್ತಿ ಸಿಲ್ವರ್ ಮರವನ್ನು ನೋಡಿ, ಇದು ನಮ್ಮ ಸಾಲು ಮರವೇ, ಇದು ಇಬ್ಬರದ್ದೂ ಇರಲಿ ಎಂದಳು. ಮೆಣಸಿನ ಬಳ್ಳಿ ಮರದ ಮೈ ಹತ್ತುವುದು ಹೇಗೆಂದು ಮಾತ್ರ ಅವಳಿಗೆ ಎಷ್ಟು ಹೇಳಿದರೂ ತಿಳಿಯಲಿಲ್ಲ. ಕೈಯನ್ನೇ ಮರ ಮಾಡಿ, ಸೆರಗಿನ ತುದಿಯನ್ನು ಅದಕ್ಕೆ ಸುತ್ತಿ ತೋರಿಸಬೇಕಾಯಿತು.

ಪ್ರತಿ ಯುಗಾದಿಗೆ ಊರಿನಿಂದ ಬರುವ ಕಾಗದದೊಳಗೆ ಒಂದು ದಾರ ಇರುತ್ತಿತ್ತು, ಪವಿತ್ರಾಳ ನೆತ್ತಿಯಿಂದ ಪಾದದವರೆಗಿನ ಅಳತೆ. ಐದು ವರ್ಷದ ಐದು ದಾರಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ಸಿತ್ತಿ ಭವಿಷ್ಯ ಹೇಳಿದಳು: ನಿನಗಿಂತ ಎರಡು ಬೆರಳು ಎತ್ತರ ಬೆಳೆಯುತ್ತಾಳೆ.

ಯುದ್ಧ ಬಂದಾಗ ಅಂಗಿ ಮುಗಿದಿತ್ತು. ಮೇಷ್ಟ್ರ ಹಳೆಯ ಕಾರಿನಲ್ಲಿ ಎಲ್ಲರೂ ಮರಳುಗಾಡು ಹಾದು ಜೋರ್ಡಾನಿನ ಕಡೆ ಹೊರಟರು. ದಾರಿಯಲ್ಲಿ ತಡೆದ ಸೈನಿಕರು ಪೆಟ್ಟಿಗೆಗಳನ್ನು ಇಳಿಸಿಕೊಂಡರು, ರುದ್ರಾಣಿಯ ಕೊರಳ ಸರ ಕೇಳಿ ಪಡೆದರು. ಮೈಮೇಲಿನ ಬಟ್ಟೆ ಕೇಳುವುದಿಲ್ಲವೆಂದು ಸಿತ್ತಿ ಮೊದಲೇ ಅವಳಿಗೆ ಮಗಳ ಅಂಗಿಯನ್ನು ತೊಡಿಸಿದ್ದಳು. ಅಮ್ಮಾನ್ ಊರಿನ ಹೊರಗೆ, ಭಾರತದ ವಿಮಾನಕ್ಕೆ ಕಾಯುವವರ ಡೇರೆಯ ಸಾಲಿನ ಮುಂದೆ, ಇಬ್ಬರೂ ಬೇರೆಯಾದರು. ಸಿತ್ತಿ ಅಳಲಿಲ್ಲ. ಬಗ್ಗಿ ಅಂಗಿಯ ಅಂಚಿನ ಮರಳು ಕೊಡವಿದಳು.

ಬಿಸಿನೀರಿಗೆ ಮಾತ್ರ ಹಾಕಬೇಡ, ಎಂದಳು. ಕೆಂಪು ಬಿಡುತ್ತದೆ.

*

"ಬಾಗಿಲ ಕಂಬಕ್ಕೆ ನಿಲ್ಸಿ ಅಜ್ಜಿ ದಾರ ಹಿಡೀತಿತ್ತು," ಎಂದಳು ಪವಿತ್ರಾ. "ತಾಯಿತಕ್ಕೆ ಅಂತ ತಿಳ್ಕೊಂಡಿದ್ದೆ."

"ಅವತ್ತು ಕೈ ಸುಟ್ಕೊಂಡಾಗ ನಾನಿದ್ದೆ ಕಣೆ. ಮೂರು ತಿಂಗ್ಳು ತುತ್ತು ಎತ್ತಿ ಬಾಯಿಗಿಟ್ಟಿದೀನಿ."

"ಒಂದು ಮಾತು ಹೇಳ್ಬಹುದಿತ್ತಲ್ಲ ಅತ್ತೆ ಅವಳು. ಮದ್ವೆ ಟೈಮಲ್ಲಾದ್ರೂ."

"ನಾನೂ ಅದೇ ಬೈದೆ. 'ಹೇಳಿದ್ರೆ ಅಯ್ಯೋ ಪಾಪ ಅಂತ ಹಾಕ್ಕೋತಾಳೆ. ಪಾಪ ಅಂತ ಹಾಕ್ಕೊಳ್ಳೋದು ಬ್ಯಾಡ' ಅಂದ್ಳು. ಹಟಮಾರಿ. ನೀನೂ ಅದೇ ಬೀಜ." ಜವರಮ್ಮ ಅಂಗಿಯನ್ನು ಮಡಚತೊಡಗಿದಳು. ಈಗ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅದು ಬಟ್ಟೆಯ ಮೇಲೆ ಬೀಳದಂತೆ ಮುಖ ಆಚೆ ತಿರುಗಿಸಿದ್ದಳು. "ತಗೊ. ಸುಡ್ತೀಯೋ ಇಟ್ಕೋತೀಯೋ, ಇನ್ನು ನಂಗೆ ಸಂಬಂಧ ಇಲ್ಲ. ನನ್ನ ಆಣೆ ತೀರ್ತು."

ಪವಿತ್ರಾ ಅಂಗಿಯನ್ನು ಎತ್ತಿಕೊಂಡು ಮನೆಗೆ ನಡೆದಳು. ಮೂರು ಮನೆ ದಾಟುವ ದಾರಿ. ಅವಳು ಎರಡು ಸಲ ನಿಂತಳು.

ಮನೆಯ ಮುಂದೆ ಮಂಜಯ್ಯ ಒಬ್ಬನೇ ಬೇಲಿಯ ಹತ್ತಿರ ನಿಂತಿದ್ದ. ಪ್ಲಾಸ್ಟಿಕ್ ಕವರು ಕೈಯಲ್ಲೇ ಮುದ್ದೆಯಾಗಿತ್ತು. ಪವಿತ್ರಾಳನ್ನು ಕಂಡವನು ತಾನೇ ಮುಂದೆ ಬಂದ.

"ಸಿಕ್ತಾ? ಹೋಗ್ಲಿ ಬಿಡು, ಅದನ್ನೇ ಹಾಕು," ಎಂದ. ಬೆಳಗಿನ ಗಡಸು ಅವನ ದನಿಯಲ್ಲಿರಲಿಲ್ಲ. "ಬಸ್ಸು ಹತ್ಸಿದ್ದು ನಾನೇ ಅಲ್ವಾ. ಕಿಟಕೀಲಿ ಮುಖ ಇಟ್ಟು, ಅಣ್ಣ ನಾನು ಹೋಗಲ್ಲ, ಇಳಿಸ್ಕೊ ಅಂದ್ಳು. ಕಂಡಕ್ಟರ್ ಸೀಟಿ ಊದಿದ. ನಾನು ಸುಮ್ನೆ ನಿಂತಿದ್ದೆ. ಈಗ ನಾನ್ಯಾವ ತವರು ಅಂತ ಸೀರೆ ಹಿಡ್ಕೊಂಡು ಬರ್ಲಿ? ಅವಳಿಗೆ ಯಾವುದು ಇಷ್ಟ ಇತ್ತೋ ಅದನ್ನೇ ಹಾಕು ಮಗಾ."

ಪವಿತ್ರಾ ಕೈ ಚಾಚಿದಳು. "ಆ ಸೀರೆ ಕೊಡಿ ಮಾವ."

"ಅಂಗಿ?"

"ಅಂಗಿ ಅವಳದ್ದಲ್ಲ."

ಮಂಜಯ್ಯನಿಗೆ ಅರ್ಥವಾಗಲಿಲ್ಲ. ಕವರು ಕೊಟ್ಟ.

ತಿಳಿಹಸಿರು ಸೀರೆ, ಸಣ್ಣ ಕೆಂಪಂಚು. ಗಂಜಿಯ ಗರಿ ಇನ್ನೂ ಇಳಿದಿರಲಿಲ್ಲ. ಪವಿತ್ರಾ ಬೇರೆ ಯಾರಿಗೂ ಬಿಡದೆ ತಾನೇ ಉಡಿಸಿದಳು. ನೆರಿಗೆ ಹಿಡಿಯುವಾಗ ಗರಿಗರಿ ಸೀರೆ ಎರಡು ಸಲ ಜಾರಿತು. ಮೂರನೆಯ ಸಲ ಜವರಮ್ಮ ಸೊಂಟದ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿದಳು. ಉಡಿಸಿಯಾದ ಮೇಲೆ ಪವಿತ್ರಾ ಅವ್ವನ ಎರಡೂ ಕೈಯನ್ನು ತನ್ನ ಕೈಯೊಳಗೆ ಹಿಡಿದು ಕೂತಳು. ನಲವತ್ತಮೂರು ವರ್ಷದಲ್ಲಿ ಆ ಕೈಗಳನ್ನು ಬೇಕೆಂದೇ ಹಿಡಿದದ್ದು ಅವಳಿಗೆ ನೆನಪಿರಲಿಲ್ಲ. ಹೊರಗೆ ಯಾರೋ ಹೊತ್ತಾಯಿತೆಂದರು. ಯೋಗೇಶ ಬಂದು ಹೆಂಡತಿಯ ಭುಜ ಮುಟ್ಟಿದ. ಅವಳು ಏಳಲಿಲ್ಲ. ಅವನು ಹೊರಗೆ ಹೋಗಿ, ಇನ್ನೂ ಐದು ನಿಮಿಷ ಎಂದು ಗದರಿದ ದನಿಯಲ್ಲಿ ಹೇಳುವುದು ಕೇಳಿಸಿತು.

ಬಾಯಿಗೆ ಅಕ್ಕಿ ಹಾಕಿದರು. ಮಂಜಯ್ಯ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಗದ್ದೆಯ ಬದು ಕಿರಿದಾಗಿದ್ದರಿಂದ ಹೊತ್ತವರಲ್ಲಿ ಇಬ್ಬರು ಒಣಗಿದ ಗದ್ದೆಗೇ ಇಳಿದು ಕೂಳೆ ತುಳಿಯುತ್ತ ನಡೆಯಬೇಕಾಯಿತು. ಹೆಂಗಸರು ಹಳ್ಳದವರೆಗೆ ಹೋಗಿ ನಿಂತರು. ಆಚೆಯ ದಿಬ್ಬದಲ್ಲಿ ಹೊಗೆ ಎದ್ದಾಗ ತೋಟದ ಕಡೆಯಿಂದ ಒಂದು ಗಂಟೆಯ ಸೈರನ್ ಕೂಗಿತು. ಲೈನಿನವರು ಹಳ್ಳದಲ್ಲೇ ಕೈಕಾಲು ತೊಳೆದು, ಪವಿತ್ರಾಳಿಗೊಂದು ಮಾತು ಹೇಳಿ, ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು.

*

ಮನೆ ತೊಳೆದು, ದೀಪ ಹಚ್ಚಿ, ಎಲ್ಲರೂ ಮಿಂದು ಮುಗಿಸುವ ಹೊತ್ತಿಗೆ ಬಿಸಿಲು ಜಗಲಿಯಿಂದ ಒಳಕ್ಕೆ ಬಂದಿತ್ತು. ಯೋಗೇಶ ಮಂಜಯ್ಯನನ್ನು ಬಸ್ಸಿಗೆ ಬಿಡಲು ಜೀಪ್ ತೆಗೆದುಕೊಂಡು ಹೋಗಿದ್ದ. ದೀಪಶ್ರೀ ಅಡುಗೆಮನೆಯಲ್ಲಿ ಗೋಡೆಗೊರಗಿ ಹಾಗೇ ನಿದ್ದೆ ಹೋಗಿದ್ದಳು.

ಪವಿತ್ರಾ ಒಳಕೋಣೆಯ ಬಾಗಿಲು ಹಾಕಿಕೊಂಡು ಅಂಗಿಯನ್ನು ತಲೆಯ ಮೇಲಿನಿಂದ ಇಳಿಸಿದಳು. ಅದು ಭುಜಕ್ಕೆ ಸರಿಯಾಗಿ ಕೂತಿತು. ಅಂಚು ಹಿಮ್ಮಡಿಯಿಂದ ಒಂದು ಬೆರಳು ಮೇಲಕ್ಕೆ ನಿಂತಿತು. ನಡೆಯುವವಳಿಗೆ ಎಷ್ಟು ಬೇಕೋ ಅಷ್ಟು. ಆದರೆ ಎದೆಯ ಕೆಳಗೆ, ಸೊಂಟದ ಸುತ್ತ ಅಗಲ ಸಾಲಲಿಲ್ಲ. ಅವಳು ಈಗ ಇಪ್ಪತ್ತರ ಹುಡುಗಿಯಲ್ಲ. ಬಟ್ಟೆ ಬಿಗಿದು ಉಸಿರು ಹಿಡಿದಂತಾಯಿತು. ಎಳೆದರೆ ಹರಿದೀತೆಂದು ಅಂಜಿ, ತೋಳುಗಳನ್ನು ಮೇಲೆತ್ತಿ ನಿಧಾನಕ್ಕೆ ಹೊರಗೆ ಬಂದಳು. ಬಂದವಳು ಅದನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. ಬೆಳಗಿನಿಂದ ಬಾರದ ಅಳು ಆಗ ಬಂತು, ಬಿಕ್ಕಿ ಬಿಕ್ಕಿ.

ಅತ್ತು ಮುಗಿದಾಗ ಅವಳ ಬೆರಳುಗಳು ಅಂಗಿಯ ಪಕ್ಕದ ಹೊಲಿಗೆಯ ಮೇಲಿದ್ದವು. ಅಲ್ಲಿ ಬಟ್ಟೆ ದಪ್ಪವಾಗಿತ್ತು. ಒತ್ತಿ ನೋಡಿದಳು. ಒಳಗೆ ಒಂದು ಮಡಿಕೆ, ಅದರೊಳಗೆ ಇನ್ನೊಂದು. ಕಂಕುಳಿಂದ ಕೆಳಗಿನವರೆಗೂ, ಎರಡೂ ಬದಿಗೆ.

ಮೆಷಿನ್ನಿನ ಡ್ರಾಯರಿನಲ್ಲಿ ಅರ್ಧ ಬ್ಲೇಡು ಸಿಕ್ಕಿತು. ಅವಳು ಕಿಟಕಿಯ ಬೆಳಕಿಗೆ ಸರಿದು, ಒಂದು ಹೊಲಿಗೆ ಬಿಚ್ಚಿದಳು. ಇನ್ನೊಂದು ಬಿಚ್ಚಿದಳು. ದಾರ ಕಿತ್ತಂತೆಲ್ಲ ಮಡಿಕೆ ತೆರೆದುಕೊಂಡು ಬಟ್ಟೆ ಅಗಲವಾಗುತ್ತ ಬಂತು. ನಾಲ್ಕು ಬೆರಳು, ಆರು ಬೆರಳು, ಒಂದು ಗೇಣು. ಬಿಸಿಲು ಕಾಣದ, ಬಿಸಿನೀರು ಒಳಹೊಗದ ಗಾಢ ಕಪ್ಪು. ಮೆಣಸಿನ ಬಳ್ಳಿ ಹೊಲಿಗೆಯ ಅಂಚಿನಲ್ಲಿ ನಿಂತಿರಲಿಲ್ಲ. ಮಡಿಕೆಯೊಳಗೂ ಹಾಗೇ ಮುಂದುವರಿದು, ಒಂದು ಎಲೆಯನ್ನೂ ಬಿಡದೆ, ಒಂದು ಕಾಳನ್ನೂ ಬಿಡದೆ, ಇವತ್ತು ಬೆಳಗ್ಗೆ ಹಾಕಿದಂಥ ಕೆಂಪಿನಲ್ಲಿ ಅಂಗಿಯ ಬೆನ್ನಿನ ಕಡೆಗೆ ಹಬ್ಬಿ ಹೋಗಿತ್ತು.